ಅಕ್ಕನ ಎಡಗೈಯ ಫೈಲು

ಅಕ್ಕ ಹೇಳಿದ ಜಾಗದಲ್ಲಿ ಆ ಫೈಲನ್ನು ನಾನು ಇಡಲಿಲ್ಲ. ಇಟ್ಟೆ ಎಂದು ಸುಳ್ಳು ಹೇಳಿದೆ.

ಅಕ್ಕನ ಬಲಗೈಗೆ ಹುಟ್ಟಿನಿಂದಲೇ ಶಕ್ತಿಯಿಲ್ಲ. ಎಡಗೈಯೊಂದರಲ್ಲೇ ಟೈಪ್ ಮಾಡಲೆಂದು ಖಾನಾಪುರದ ಮನೆಯಲ್ಲಿ ಎರಡು ವರ್ಷ ಕೂತು, ಯಾವ ಕೀಲಿ ಒತ್ತಿದರೆ ಯಾವ ಅಕ್ಷರ ಬರಬೇಕೆಂಬುದನ್ನು ತನ್ನ ಬೆರಳಿಗೆ ಒಗ್ಗುವಂತೆ ಒಂದು ಫೈಲಿನಲ್ಲಿ ಬರೆದಿದ್ದಳು. ಆ ಫೈಲಿನಿಂದಲೇ ಬೆಳಗಾವಿಯ ರಾಮತೀರ್ಥ ನಗರದ ಟೈಪಿಂಗ್ ಅಂಗಡಿಯಲ್ಲಿ ಕೆಲಸ ಸಿಕ್ಕಿತು.

ಅಂಗಡಿಯ ಕಂಪ್ಯೂಟರಿಗೆ ಅದನ್ನು ಹಾಕಲು ನಾನು ಹೋದೆ. ಏಳನೆಯ ತರಗತಿಗೇ ಶಾಲೆ ಬಿಟ್ಟು ಗೂಡ್ಸ್ ಗಾಡಿ ಓಡಿಸುವವನು ನಾನು. ಅಕ್ಕ ಬಿಡಿಸಿ ಹೇಳಿದ್ದಳು.

“ಟೈಪಿಂಗ್ ಸಾಫ್ಟ್‌ವೇರಿನ ಪ್ಯಾಕೇಜು ತಾನs ಒಂದು ಫೈಲ್ ತಂದಿರತೈತಿ. ಅದನ್ನ ಮುಟ್ಟಬ್ಯಾಡ. ನಮ್ದು ಸೆಟ್ಟಿಂಗಿನ ಫೋಲ್ಡರಿನ್ಯಾಗ ಬ್ಯಾರೆ ಇಡು. ಅಪ್‌ಡೇಟ್ ಬಂದಾಗ ಅದರದಷ್ಟs ಬದಲಾಗತೈತಿ, ನಮ್ದು ಉಳಿತೈತಿ.”

ಆ ಫೋಲ್ಡರು ತೆರೆದರೆ ಖಾಲಿ. ಇಲ್ಲಿಟ್ಟರೆ ಕಂಪ್ಯೂಟರು ಓದೀತೇ ಅನಿಸಿತು. ಪ್ಯಾಕೇಜಿನ ಫೋಲ್ಡರಿನಲ್ಲಿ ಅದೇ ಹೆಸರಿನ ಫೈಲಿತ್ತು. ಅದರ ಮೇಲೆಯೇ ಅಕ್ಕನದನ್ನು ಹಾಕಿದೆ. ಅಕ್ಕ ಬಂದು ಕೂತಾಗ ಅವಳ ಬೆರಳು ಸರಾಗವಾಗಿ ಓಡಿತು.

“ಎಲ್ಲಿಟ್ಟಿ?”

“ನೀ ಹೇಳಿದಲ್ಲೇ.”

“ಶಾಣ್ಯಾ ಆದಿ ನೋಡು!” ಎಂದು ನಕ್ಕಳು. ಆ ವಾರವೇ ಮನೆಯ ಹಳೆಯ ಕಂಪ್ಯೂಟರನ್ನು ಪೂರ್ತಿ ಅಳಿಸಿ ಪೀರನವಾಡಿಯ ಒಬ್ಬರಿಗೆ ಕೊಟ್ಟುಬಿಟ್ಟೆ. ಆ ಫೈಲಿನ ಬೇರೆ ಪ್ರತಿ ಎಲ್ಲೂ ಉಳಿಯಲಿಲ್ಲ.

ಹೋದ ತಿಂಗಳು ಅಂಗಡಿಗೆ ಕಾಗದದ ಬಂಡಲು ಇಳಿಸಲು ಹೋಗಿದ್ದೆ. ಅಕ್ಕ ಒಬ್ಬ ಅಜ್ಜನ ಅರ್ಜಿ ಟೈಪ್ ಮಾಡುತ್ತಿದ್ದಳು. ಅಜ್ಜ ಪರದೆಗೆ ಬಗ್ಗಿ ನೋಡಿದ.

“ತಂಗೆವ್ವಾ, ಇದ್ಯಾವ ಭಾಷಾ? ಕನ್ನಡಾನೂ ಅಲ್ಲ, ಮರಾಠೀನೂ ಅಲ್ಲ!”

ಅಕ್ಕನ ಕೈ ನಿಂತಿತು. ಅಳಿಸಿ ಮತ್ತೆ ಒತ್ತಿದಳು. ಮತ್ತೆ ಅರ್ಥವಿಲ್ಲದ ಅಕ್ಷರಗಳೇ. ಬೆಳಿಗ್ಗೆ ಅಪ್‌ಡೇಟ್ ಬಂದಿತ್ತೆಂದರು ಅಂಗಡಿಯ ಮಾಲಕರು. ಅಷ್ಟು ಕೇಳಿದ್ದೇ ನನಗೆ ಎಲ್ಲ ತಿಳಿಯಿತು: ಅದು ತನ್ನ ಹೊಸ ಫೈಲನ್ನು ಅಕ್ಕನದರ ಮೇಲೆಯೇ ಹಾಕಿತ್ತು. ಅವಳ ಎರಡು ವರ್ಷದ ದುಡಿಮೆ ಹೀಗೆ ಒಂದು ಬೆಳಿಗ್ಗೆ ಇಲ್ಲವಾಗುತ್ತದೆಂದು ನಾನು ನೆನೆಸಿಯೇ ಇರಲಿಲ್ಲ.

ಅಕ್ಕ ಮಾಲಕರತ್ತ ತಿರುಗಿದಳು. “ಅಪ್‌ಡೇಟ್ ನನ್ನ ಫೈಲ್ ಮುಟ್ಟಂಗಿಲ್ರಿ. ನಾನs ಏನೋ ತಪ್ಪು ಬರದಿರಬೇಕು. ಈ ಕೆಲಸ ನನ್ನ ಕೈಲಿ ಆಗೂದಿಲ್ಲ ಅನಸ್ತೈತ್ರಿ.”

ಅವಳ ಚೀಲ ಹೆಗಲೇರುತ್ತಿತ್ತು. ಬಾಗಿಲಿಗೆ ಅಡ್ಡ ನಿಂತೆ. ಎಲ್ಲರ ಎದುರೇ ಹೇಳಿದೆ.

“ಅಕ್ಕಾ, ಸುಳ್ಳ ಹೇಳಿದ್ದೆ. ನೀ ಹೇಳಿದಲ್ಲಿ ಇಟ್ಟಿರಲಿಲ್ಲ, ಪ್ಯಾಕೇಜಿನ ಫೈಲಿನ ಮ್ಯಾಲೇ ಹಾಕಿದ್ದೆ. ನಿಂದೇನೂ ತಪ್ಪಿಲ್ಲ. ನಿನ್ನ ಎರಡು ವರ್ಷಾ ನಾನs ಅಳಿಸೀನಿ. ತಪ್ಪಾತು, ಕ್ಷಮಿಸವಾ.”