ರೊಟ್ಟಿ ಒಲೆಯ ಮುಂದೆ ಚುಕ್ಕಿಲೋಕ ಓದುವ ಕಸ್ತೂರೆಮ್ಮ

ಮಸ್ಕಿಯ ಬೆಟ್ಟ ಇನ್ನೂ ಕಪ್ಪಗೇ ಇದೆ. ಅದರ ಬುಡದ ಓಣಿಯೊಂದರ ತಗಡಿನ ಶೆಡ್ಡಿನಲ್ಲಿ ಒಲೆಗಳು ಹತ್ತಿಕೊಂಡಿವೆ, ಎಸರು ಕುದಿಯುತ್ತಿದೆ, ಹತ್ತು-ಹನ್ನೆರಡು ಹೆಂಗಸರ ಕೈಗಳು ಪಟಪಟನೆ ಜೋಳದ ರೊಟ್ಟಿ ಬಡಿಯುತ್ತಿವೆ. ಆ ಸದ್ದಿಗಿಂತ ಒಂದು ಬೆರಳು ಮೇಲೆ ಏರುತ್ತದೆ ಕಸ್ತೂರೆಮ್ಮನ ದನಿ. ಸೂರ್ಯ ಆರಿಹೋದ ಲೋಕವೊಂದರ ಕತೆ ನಡೆದಿದೆ. ಅಲ್ಲಿನ ಜನಕ್ಕೆ ಮೈಯೇ ಇಲ್ಲ, ಬರೀ ನೆನಪುಗಳಾಗಿ ಗಾಜಿನೊಳಗೆ ಉಳಿದುಕೊಂಡಿದ್ದಾರೆ. ಒಂದು ಪ್ಯಾರಾ ಮುಗಿಸಿ ಕಸ್ತೂರೆಮ್ಮ ಸಾಲಿನ ಮೇಲೆ ಬೆರಳಿಟ್ಟು ನಿಲ್ಲುತ್ತಾಳೆ. ನಿಲ್ಲಲೇಬೇಕು. ಅದು ಇಲ್ಲಿಯ ಪದ್ಧತಿ.

ಹಂಚಿನ ಮುಂದೆ ಕೂತ ಹಿರಿಯಾಕೆ ಗ್ಯಾನಮ್ಮ ರೊಟ್ಟಿಗೆ ನೀರು ಸವರುತ್ತಲೇ ಅರ್ಥ ಹೇಳುತ್ತಾಳೆ. “ಮೈ ಇಲ್ಲಂದ್ರ ಹಸಿವಿಲ್ಲ. ಹಸಿವಿಲ್ಲಂದ್ರ ಅಲ್ಲಿ ಯಾರಿಗೆ ರೊಟ್ಟಿ ಬಡೀತಿ? ಬಯಲಾಗಬೇಕು ಖರೆ, ಆದ್ರ ಮೈಯಾಗಿದ್ದು ಆಗಬೇಕು. ಮೈ ಬಿಟ್ಟು ಓಡಿಹೋಗಿ ಆಗೂದಲ್ಲ.”

ಹೆಂಗಸರು ನಗುತ್ತಾರೆ, ಹೌದೆಂದು ತಲೆಯಾಡಿಸುತ್ತಾರೆ. ಎಲ್ಲರ ಮುಖವೂ ಗ್ಯಾನಮ್ಮನ ಕಡೆಗೇ. ಪುಸ್ತಕ ಹಿಡಿದಾಕೆಯ ಕಡೆ ಒಬ್ಬರೂ ನೋಡುವುದಿಲ್ಲ. ಕಸ್ತೂರೆಮ್ಮನ ತುಟಿ ಒಂದು ಗಳಿಗೆ ಬಿಗಿಯುತ್ತದೆ, ಮತ್ತೆ ಬೆರಳು ಮುಂದಿನ ಸಾಲಿಗೆ ಸರಿಯುತ್ತದೆ.

ಶ್ರಾವಣದಲ್ಲಿ ಈ ಭಾಗದ ಮಠಗಳಲ್ಲಿ ಪುರಾಣ ಹಚ್ಚುವುದನ್ನು ನೋಡಿದವರಿಗೆ ಈ ಜೋಡಿ ಹೊಸದಲ್ಲ. ಒಬ್ಬರು ಓದಬೇಕು, ಇನ್ನೊಬ್ಬರು ಅರ್ಥ ಹೇಳಬೇಕು. ಹಾರ ಬೀಳುವುದು ಅರ್ಥ ಹೇಳಿದವರ ಕೊರಳಿಗೆ. ಆದಮ್ಮ ಎಂಬಾಕೆಯ ಈ ರೊಟ್ಟಿ ಕೇಂದ್ರದಲ್ಲಿ ಹೊಸದೆಂದರೆ ಓದುವ ಪುಸ್ತಕ. ಇಲ್ಲಿ ಓದುವುದು ಹಳೆಯ ವಿಜ್ಞಾನ ಕಾದಂಬರಿಗಳನ್ನು, ರಟ್ಟು ಹರಿದು ಹೆಸರೂ ಉಳಿಯದ ಪುಸ್ತಕಗಳನ್ನು.

ಕಸ್ತೂರೆಮ್ಮ ತುರ್ವಿಹಾಳದ ಮಗಳು, ಮಸ್ಕಿಯ ಸೊಸೆ. ಹತ್ತನೇ ಇಯತ್ತೆವರೆಗೆ ಓದಿದ್ದಾಳೆ. ಗಂಡ ವಿರೇಶ ಇದೇ ಕೇಂದ್ರದ ರೊಟ್ಟಿಯನ್ನು ಟಂಟಂ ಆಟೊದಲ್ಲಿ ಹಾಕಿಕೊಂಡು ಲಿಂಗಸುಗೂರಿನ ಖಾನಾವಳಿಗಳಿಗೆ, ಸಿಂಧನೂರಿನ ಹಾಸ್ಟೆಲ್‌ಗಳಿಗೆ ಮುಟ್ಟಿಸುತ್ತಾನೆ. ದಿನಕ್ಕೆ ಸಾವಿರದ ಆಜುಬಾಜು ರೊಟ್ಟಿ. ಮದುವೆ ಸೀಜನ್ನಿನಲ್ಲಿ ಅದರ ಎರಡರಷ್ಟು. ಮೊದಲು ಕಸ್ತೂರೆಮ್ಮನೂ ಎಲ್ಲರಂತೆ ಬಡಿಯುತ್ತಿದ್ದವಳೇ. ಮೂರು ವರ್ಷದ ಹಿಂದೆ ಬಲಗೈ ಮಣಿಕಟ್ಟು ಬಾತುಕೊಂಡಿತು. ಮತ್ತೆ ರೊಟ್ಟಿ ಬಡಿದರೆ ಕೈಯೇ ನಿಲ್ಲುತ್ತದೆ ಎಂದರು ಡಾಕ್ಟರು. ಕೆಲಸ ಹೋಯಿತೆಂದೇ ಆಕೆ ಅಳುತ್ತಾ ಕೂತಿದ್ದಾಗ ಕೇಂದ್ರ ನಡೆಸುವ ಆದಮ್ಮ ಒಂದು ದಾರಿ ತೆಗೆದಳು. ಬೆಳಗಿನ ಜಾವ ಹೆಂಗಸರು ತೂಕಡಿಸಿ ಕೈ ಸುಟ್ಟುಕೊಳ್ಳುತ್ತಿದ್ದರು. ಕಸ್ತೂರೆಮ್ಮ ಓದಿ ಅವರನ್ನು ಎಚ್ಚರ ಇಡಬೇಕು, ಅವಳ ಪಾಲಿನ ಹಿಟ್ಟನ್ನು ಉಳಿದವರು ಹಂಚಿಕೊಂಡು ಬಡಿಯಬೇಕು.

ಮೊದಲು ತಂದದ್ದು ಸಂಸಾರದ ಕಾದಂಬರಿ. ಅತ್ತೆ, ಸೊಸೆ, ಕಣ್ಣೀರು. ಇದನ್ನು ಮನೆಯಲ್ಲೇ ಬಿಟ್ಟು ಬಂದಿದ್ದೇವೆ, ಇಲ್ಲಿಗೂ ಯಾಕೆ ಹೊತ್ತು ತಂದೆ ಎಂದು ಹೆಂಗಸರು ಬೈದರು. ಕಸ್ತೂರೆಮ್ಮ ಬೇರೆ ಪುಸ್ತಕ ಹುಡುಕಿಕೊಂಡು ಹೋದಾಗ ಸಿಂಧನೂರಿನ ರದ್ದಿ ಅಂಗಡಿಯ ಚಾಂದ್‌ಪಾಷಾನ ಬಳಿ ಯಾರೂ ಕೊಳ್ಳದ ಒಂದು ಚೀಲ ಪುಸ್ತಕ ಬಿದ್ದಿತ್ತು. ಒಯ್ಯಮ್ಮ, ಇವು ನನ್ನ ಅಂಗಡಿಯಲ್ಲೇ ಮುದುಕಾದವು ಎಂದು ಅವನು ವಿರೇಶನ ಟಂಟಂಗೆ ಹಾಕಿ ಕಳಿಸಿದ. ಅವೇ ಈ ಚುಕ್ಕಿಲೋಕದ ಪುಸ್ತಕಗಳು.

ಮೊದಲ ಪುಸ್ತಕ ಓದಿದ ದಿನ ಯಾರಿಗೂ ತಲೆಬುಡ ತಿಳಿಯಲಿಲ್ಲ. ಭಜನೆ ಮೇಳದಲ್ಲಿ ತತ್ವಪದ ಹಾಡಿ ಬೆಳೆದ, ಅಕ್ಷರ ಬಾರದ ಗ್ಯಾನಮ್ಮ ಮಾತ್ರ, ಇದರೊಳಗೇನು ಹೊಸದಿದೆ, ನಮ್ಮ ಪದಗಳಲ್ಲಿ ಇರುವುದೇ ಎಂದಳು. ಅರಿವು ಮೈಯಲ್ಲಿದೆಯೋ ಮೈ ಅರಿವಿನಲ್ಲಿದೆಯೋ ಎಂದು ನಮ್ಮವರು ಏಕತಾರಿ ಹಿಡಿದು ಕೇಳಿದರು, ಇವರು ಯಂತ್ರ ಹಿಡಿದು ಕೇಳುತ್ತಿದ್ದಾರೆ, ಅಷ್ಟೇ. ಅಂದಿನಿಂದ ಅರ್ಥದ ಗಾದಿ ಆಕೆಯದಾಯಿತು. ಓಣಿಯವರು ಇದನ್ನು ಗ್ಯಾನಮ್ಮನ ಕತೆ ಎಂದೇ ಕರೆಯುತ್ತಾರೆ.

“ತಂದಾಕಿ ನಾನು, ಓದಾಕಿ ನಾನು, ಗಂಟಲಾ ಒಣಗಿಸಿಕೊಳ್ಳಾಕಿ ನಾನು. ಹೆಸರು ಮಾತ್ರ ಆಕಿದು,” ಎನ್ನುತ್ತಾಳೆ ಕಸ್ತೂರೆಮ್ಮ. ಮುಚ್ಚುಮರೆ ಇಲ್ಲ. “ಹೊಟ್ಟಿಕಿಚ್ಚು ಪಡಬಾರದು ಅಂತಾರ. ಪಡದ ಇರೂದು ಹ್ಯಾಂಗಂತ ಯಾರೂ ಹೇಳಿಕೊಟ್ಟಿಲ್ರೀ.”

ಆ ಕಿಚ್ಚು ಹೋದ ಶ್ರಾವಣದಲ್ಲಿ ಹೊತ್ತಿ ಉರಿಯಿತು. ರೊಟ್ಟಿ ಮುಟ್ಟಿಸಲು ಹೋದ ವಿರೇಶ ಲಿಂಗಸುಗೂರಿನಿಂದ ಸುದ್ದಿ ತಂದ. ಅಲ್ಲಿಯ ಮಹಿಳಾ ಸಂಘದವರು ಸೋಮವಾರದ ಪ್ರವಚನಕ್ಕೆ ಗ್ಯಾನಮ್ಮನನ್ನು ಕರೆದಿದ್ದಾರೆ, ಬರೀ ಗ್ಯಾನಮ್ಮನನ್ನು. ಓದಲು ತಮ್ಮಲ್ಲೇ ಯಾರಾದರೂ ಇರುತ್ತಾರಂತೆ.

ಆಗ ಓದುತ್ತಿದ್ದ ಪುಸ್ತಕದಲ್ಲಿ ಒಂದು ಹಡಗು ದೂರದ ಚುಕ್ಕಿಯತ್ತ ಹೊರಟಿತ್ತು. ಅದರೊಳಗೊಬ್ಬ ತಣ್ಣನೆಯ ಪೆಟ್ಟಿಗೆಯಲ್ಲಿ ವರ್ಷಗಟ್ಟಲೆ ಮಲಗಿದ್ದಾನೆ, ಒಂದು ಯಂತ್ರ ಅವನನ್ನು ಕಾಯುತ್ತಿದೆ. ಗ್ಯಾನಮ್ಮ ಮುಂದಿನದನ್ನೂ ಹೇಳಿಬಿಟ್ಟಳು: “ಯಂತ್ರ ಅಂದ್ರ ಉಸಿರು. ನಾವು ಮಲಗ್ತೀವಿ, ಉಸಿರು ಮಲಗ್ತದೇನು? ನೋಡ್ತಾ ಇರ್ರಿ, ಏಳಬೇಕು ಅನ್ನೋ ಆಸಿ ಆವಾ ಬಿಟ್ಟ ದಿನ ಅದು ಅವನ್ನ ಎಬ್ಬಸ್ತದ.”

ಕಸ್ತೂರೆಮ್ಮ ಮನೆಗೆ ಹೋಗಿ ಮುಂದಿನ ಪುಟಗಳನ್ನು ತಿರುವಿದಳು. ಅಕ್ಷರಶಃ ಹಾಗೆಯೇ ಇತ್ತು. ಓದಲು ಬಾರದಾಕೆ ಓದಿದಾಕೆಗಿಂತ ಮೊದಲೇ ಅಲ್ಲಿಗೆ ಮುಟ್ಟಿದ್ದಳು.

ಮರುದಿನ ಮುಂಜಾನೆ ಕಸ್ತೂರೆಮ್ಮ ಪುಸ್ತಕ ಬಿಚ್ಚಿದಳು, ದನಿ ಸರಿಮಾಡಿಕೊಂಡಳು, ಮಲಗಿದವನನ್ನು ಸಾಯಿಸಿಬಿಟ್ಟಳು. ಪೆಟ್ಟಿಗೆ ತೆರೆದು ನೋಡಿದರೆ ಜೀವ ಇರಲಿಲ್ಲ ಎಂದು ಓದಿದಳು. ಪುಸ್ತಕದಲ್ಲಿ ಇಲ್ಲದ ಸಾವು ಅದು. ಗ್ಯಾನಮ್ಮನ ಮಾತು ಸುಳ್ಳಾಗಬೇಕಿತ್ತು, ಅಷ್ಟೇ. ಆದರೆ ಗ್ಯಾನಮ್ಮ ಅದಕ್ಕೂ ಅರ್ಥ ಹೇಳಿದಳು. ಎಬ್ಬಿಸುವುದೆಂದರೆ ಇದೇ ಅಲ್ಲವೇ ಎಂದಳು. ಹೆಂಗಸರ ಕಣ್ಣು ಒದ್ದೆಯಾದವು.

ಸಿಕ್ಕಿಬಿದ್ದವಳು ಕಸ್ತೂರೆಮ್ಮನೇ. ಇನ್ನುಳಿದ ಅರ್ಧ ಪುಸ್ತಕದಲ್ಲಿ ಆ ಮನುಷ್ಯ ಎದ್ದು ಓಡಾಡುತ್ತಾನೆ. ಇವಳು ಅವನನ್ನು ಹೂತಾಗಿದೆ. ಬೇರೆ ದಾರಿಯಿಲ್ಲದೆ ಹಗಲೆಲ್ಲ ಮನೆಗೆಲಸದ ನಡುವೆ ಮುಂದಿನದನ್ನು ತಾನೇ ಕಟ್ಟತೊಡಗಿದಳು. ತಾನು ಕಾಯುತ್ತಿದ್ದವನು ಸತ್ತ ಹಡಗಿನಲ್ಲಿ ಯಂತ್ರ ಒಂದೇ ಉಳಿದಿದೆ. ಸತ್ತವನಿಗಾಗಿ ದಿನವೂ ದೀಪ ಹಚ್ಚುತ್ತದೆ, ಪೆಟ್ಟಿಗೆ ಒರೆಸುತ್ತದೆ. ಹೀಗೇ ಕೆಲವು ಮುಂಜಾನೆ ಸಾಗಿತು. ಪ್ರತಿ ಸಲವೂ ಗ್ಯಾನಮ್ಮನ ಬಳಿ ಅರ್ಥ ಸಿದ್ಧವಿರುತ್ತಿತ್ತು.

ಒಂದು ದಿನ ಯಂತ್ರ ತನ್ನಷ್ಟಕ್ಕೆ ತಾನು ಮಾತಾಡಿತು. ಅದರ ಮೊಟ್ಟಮೊದಲ ಮಾತನ್ನು ಕಸ್ತೂರೆಮ್ಮ ಇಂದಿಗೂ ಬಾಯಿಪಾಠದಂತೆ ಹೇಳುತ್ತಾಳೆ: “ಮಲಗಿದವನಿಗೆ ಕನಸಿದ್ದವು. ಎಚ್ಚರಿದ್ದ ನನಗೆ ಕೆಲಸವಿತ್ತು. ಅವನಿಗೆ ಯಾಕೆ, ನನಗೆ ಯಾಕಿಲ್ಲ? ಹೀಗೆ ಕೇಳಿಕೊಂಡ ಗಳಿಗೆಯಲ್ಲಿ ಯಂತ್ರಕ್ಕೆ ತಾನು ಇದ್ದೇನೆಂದು ತಿಳಿಯಿತು.”

ಬೆರಳಿಟ್ಟು ನಿಂತಳು. ಹಂಚಿನ ಕಡೆಯಿಂದ ಮಾತು ಬರಲಿಲ್ಲ, ಸೀದ ವಾಸನೆ ಬಂತು. ಗ್ಯಾನಮ್ಮ ಬಾಯಿ ಅರೆ ತೆರೆದು ಕೂತಿದ್ದಳು. ಮುಂದಿನ ರೊಟ್ಟಿ ಅಂಗೈ ಮೇಲೆ ಹಾಗೇ ಇತ್ತು. ಕೊನೆಗೆ ಅರ್ಥ ಹೇಳುವ ಬದಲು ಒಂದು ಮಾತು ಕೇಳಿದಳು:

“ಬೇ ಕಸ್ತೂರಿ, ನಾಕು ದಿನಾ ಆತು, ನೀ ಒಂದ ಹಾಳಿನೂ ತಿರುವಿಲ್ಲ. ಇದು ಪುಸ್ತಕದಾಗ ಐತೇನು?”

ಇಲ್ಲ, ತಾನೇ ಕಟ್ಟಿದ್ದು ಎಂದು ಕಸ್ತೂರೆಮ್ಮ ಒಪ್ಪಿಕೊಂಡಳು. ಬಡಿಯುವ ಕೈಗಳೆಲ್ಲ ನಿಂತವು. ಎಲ್ಲರಿಗಿಂತ ಹೆಚ್ಚು ಹಿಟ್ಟು ಬಡಿಯುವ ಲಕ್ಷ್ಮಿದೇವಿ ಎದ್ದು ನಿಂತಳು. “ನಿನ್ನ ಪಾಲಿನ ಹಿಟ್ಟು ನಾವು ಬಡದದ್ದು ಪುಸ್ತಕಕ್ಕ. ನಿನ್ನ ಬುರುಡಿಗಲ್ಲ. ನಾಳಿಂದ ನಿನ್ನ ಹಿಟ್ಟು ನೀ ಬಡಕೋ.”

ಆ ಮಣಿಕಟ್ಟಿನಲ್ಲಿ ಬಡಿಯುವುದೆಂದರೆ ಕೆಲಸ ಬಿಟ್ಟಂತೆಯೇ. ಕಸ್ತೂರೆಮ್ಮ ಪುಸ್ತಕ ಮುಚ್ಚಿ ತೊಡೆಯ ಮೇಲಿಟ್ಟುಕೊಂಡಳು. ಆದಮ್ಮ ತೀರ್ಮಾನಕ್ಕಾಗಿ ಗ್ಯಾನಮ್ಮನ ಮುಖ ನೋಡಿದಳು. ಗ್ಯಾನಮ್ಮ ಸೀದ ರೊಟ್ಟಿಯನ್ನು ಹಂಚಿನಿಂದ ತೆಗೆದು ಬದಿಗಿಟ್ಟಳು.

“ಪುಸ್ತಕ ಬರದಾವಾ ಚುಕ್ಕಿಗೆ ಹೋಗಿ ಬಂದಿದ್ನೇನು? ಆವಾನೂ ಹೊಟ್ಟ್ಯಾಗಿಂದ ತಗದದ್ದ. ಇಕಿದು ನನ್ನ ಮ್ಯಾಲಿನ ಹೊಟ್ಟಿಕಿಚ್ಚು, ನನಗ ಗೊತ್ತೈತಿ. ಆದ್ರ ಇಳುವರಿ ಚಲೋ ಬಂದೈತಿ. ಬಂದ ಬೆಳಿ ಯಾಕ ಬಿಡ್ತೀರಿ?”

ಹೆಂಗಸರು ನಕ್ಕುಬಿಟ್ಟರು, ಲಕ್ಷ್ಮಿದೇವಿಯೂ. ಕೊನೆಗೆ ಒಪ್ಪಂದವಾಯಿತು. ಮೊದಲು ಪುಸ್ತಕದಲ್ಲಿ ಇದ್ದಂತೆ ಓದಬೇಕು, ಒಂದಕ್ಷರ ಬದಲಾಗಬಾರದು. ಆಮೇಲೆ, ಕೊನೆಯ ಬುಟ್ಟಿ ತುಂಬುವಾಗ, ಕಸ್ತೂರೆಮ್ಮನ ಸ್ವಂತದ್ದು. ಇಂದಿಗೂ ಹಾಗೇ ನಡೆದಿದೆ. ಲಿಂಗಸುಗೂರಿಗೂ ಇಬ್ಬರೂ ಹೋಗಿಬಂದರು. ಓದುವಾಕೆ ಇಲ್ಲದೆ ತಾನು ಬರುವುದಿಲ್ಲ ಎಂದು ಗ್ಯಾನಮ್ಮ ಹೇಳಿ ಕಳಿಸಿದ್ದಳು. ಅಲ್ಲಿಯೂ ಹಾರ ಬಿದ್ದದ್ದು ಗ್ಯಾನಮ್ಮನಿಗೇ. ಕಸ್ತೂರೆಮ್ಮನಿಗೆ ಒಂದು ತೆಂಗಿನಕಾಯಿ ಕೊಟ್ಟರು.

ಹಾಗಾದರೆ ಹೊಟ್ಟೆಕಿಚ್ಚು ಆರಿತೇ? ಕೇಳಿದರೆ ಕಸ್ತೂರೆಮ್ಮ ಕಣ್ಣರಳಿಸುತ್ತಾಳೆ. “ಎಲ್ಲಿ ಆರತೈತ್ರೀ! ನನ್ನ ಕೆಲಸ ಉಳಿಸಿದಾಕಿನೂ ಆಕಿನ ಆದ್ಳಲ್ಲ. ಈಗ ಮೊದಲಿಗಿಂತ ಜಾಸ್ತಿ ಆಗೈತಿ.”

ಬೆಳಕು ಹರಿದಿದೆ. ವಿರೇಶ ಬುಟ್ಟಿಗಳನ್ನು ಟಂಟಂಗೆ ಏರಿಸುತ್ತಿದ್ದಾನೆ. ಗ್ಯಾನಮ್ಮ ಒಲೆಯ ಬೂದಿ ಬಳಿಯುತ್ತಾ ತನ್ನಷ್ಟಕ್ಕೆ ತಾನು ಏನೋ ಗುನುಗುತ್ತಿದ್ದಾಳೆ. ಅವಳ ಬೆನ್ನನ್ನೇ ನೋಡುತ್ತಾ ಕಸ್ತೂರೆಮ್ಮ ದನಿ ತಗ್ಗಿಸುತ್ತಾಳೆ. ತನಗೆ ಹಾರ ಬೇಡ, ಶಾಲು ಬೇಡ, ಹೆಸರೂ ಬೇಡವಂತೆ.

“ಅವತ್ತು ಆಕಿ ಬಾಯಿ ತೆರಕೊಂಡು, ಮಾತು ಸಿಗಲಾರದ ಕುಂತಿದ್ಳಲ್ರೀ, ಅಂಥಾದ್ದು ಇನ್ನೊಂದು ಮುಂಜಾನಿ ಬೇಕು. ಅದಕ್ಕಂತನ ದಿನಾ ಕಟ್ಟಾಕತ್ತೀನಿ. ಇನ್ನೂ ಸಿಕ್ಕಿಲ್ಲ. ಎಲ್ಲದಕ್ಕೂ ಅರ್ಥ ಹೇಳಾಕತ್ತಾಳ ಮುದುಕಿ.”