ಬಂಡೆಯ ತಮ್ಮ

ನಮ್ಮ ಅಂಗಡಿಗೆ ಬರುವ ಗಂಡಸರಿಗೆ ಕೂದಲು ಬೆಳೆಯುವುದೇ ಕುಸ್ತಿಯ ಬಗ್ಗೆ ಜಗಳವಾಡುವುದಕ್ಕೆ ಎಂದು ನಾನು ಎಷ್ಟೋ ಸಲ ಹೇಳಿದ್ದೇನೆ. ಮುಂದೆ ಕ್ಷೌರದಂಗಡಿ, ನಡುವೆ ಒಂದು ಪರದೆ, ಹಿಂದೆ ನಮ್ಮ ಮನೆ. ಇರುವುದು ಬರೀ ಪರದೆಯಾದ್ದರಿಂದ ಅಲ್ಲಿ ಆಡಿದ್ದೆಲ್ಲ ನನ್ನ ಕಿವಿಗೆ ಬೀಳಲೇಬೇಕು. ಮಣ್ಣಿನ ಕಣದ ಕುಸ್ತಿ ಅಲ್ಲ ಮತ್ತೆ. ದೊಡ್ಡ ದೀಪ, ಹಗ್ಗ ಕಟ್ಟಿದ ರಿಂಗು, ಮೈಕು, ಟಿಕೆಟ್ಟು ಇರುವ ಕುಸ್ತಿ. ಯಾರು ಗೆಲ್ಲಬೇಕೆಂದು ಮೊದಲೇ ಬರೆದಿಟ್ಟಿರುತ್ತದೆ. ನೋಡುವವರಿಗೂ ಅದು ಗೊತ್ತು. ಆದರೂ ಗಂಟಲು ಹರಿಯುವಂತೆ ಕೂಗುತ್ತಾರೆ. ಬರೆದಿಟ್ಟಿರುವುದು ಸೋಲು ಗೆಲುವು ಮಾತ್ರ, ಬೀಳುವ ಮೈ ನಿಜವಾಗಿಯೇ ಬೀಳುತ್ತದೆ. ಇಷ್ಟನ್ನು ಆ ಜನರ ತಲೆಗೆ ತುಂಬಲು ನನ್ನ ಗಂಡ ಪಟ್ಟ ಪಾಡು ದೇವರಿಗೇ ಪ್ರೀತಿ.

ನಮ್ಮವರನ್ನು ಎಲ್ಲರೂ ಕತ್ರಿ ಎನ್ನುತ್ತಾರೆ. ಕತ್ತರಿಯ ಸದ್ದು ಬಿಟ್ಟರೆ ಅವರಿಂದ ಬೇರೆ ಸದ್ದು ಬರುತ್ತಿರಲಿಲ್ಲ. ಊಟಕ್ಕೆ ಉಪ್ಪು ಕಡಿಮೆಯಾಗಿದ್ದರೂ ಬಾಯಿಬಿಟ್ಟು ಹೇಳುವವರಲ್ಲ. ಅವರ ಅಣ್ಣ, ಅಂದರೆ ನನ್ನ ಭಾವ, ಅದಕ್ಕೆ ತದ್ವಿರುದ್ಧ. ಬಾಗಿಲಲ್ಲಿ ನಿಂತರೆ ಒಳಗೆ ಕತ್ತಲಾಗುವಂಥ ಆಳು. ರಿಂಗಿನಲ್ಲಿ ಅವರ ಹೆಸರು ಬಂಡೆ. ಏಣಿಯ ತುದಿಗೆ ಹತ್ತಿ, ಗಾಳಿಯಲ್ಲಿ ಒಂದು ಪಲ್ಟಿ ಹೊಡೆದು, ಕೆಳಗೆ ಬಿದ್ದಿರುವ ಎದುರಾಳಿಯ ಮೇಲೆ ಬೆನ್ನಡಿಯಾಗಿ ಬೀಳುತ್ತಿದ್ದರು. ಅದಕ್ಕೆ ಬಂಡೆಪಾತ ಎಂದು ಹೆಸರು. ಎಂಥ ಚಂದದ ಹೆಸರು ನೋಡಿ, ಇಟ್ಟವನ ಕೈಗೆ ಕೊಳ್ಳಿ ಹಾಕ.

ಭಾವನ ತಲೆ ಬೋಳಿಸುವ ಕೆಲಸ ಮೊದಲಿಂದಲೂ ನಮ್ಮವರದೇ. ಹಾಗಾಗಿ ಮೊದಲು ಗೊತ್ತಾದದ್ದೂ ಅವರಿಗೇ. ಕಿವಿಯ ಹಿಂದೆ ಕತ್ತಿ ಆಡಿಸಲು ಸ್ವಲ್ಪ ತಿರುಗು ಅಣ್ಣ ಎಂದರೆ ಭಾವ ಕುತ್ತಿಗೆ ತಿರುಗಿಸದೆ ಕುರ್ಚಿಯನ್ನೇ ತಿರುಗಿಸಿಕೊಂಡರಂತೆ. ನಾನು ಕೊಟ್ಟ ಟೀ ಲೋಟ ಅವರ ಎಡಗೈಯಿಂದ ಜಾರಿ ಬಿತ್ತು. ಇಬ್ಬರೂ ಗುಟ್ಟಾಗಿ ಡಾಕ್ಟರ ಹತ್ತಿರ ಹೋಗಿ ಬಂದರು. ಕುತ್ತಿಗೆಯ ಮೂಳೆ ಜಾಗ ಬಿಟ್ಟಿದೆ, ಇನ್ನೊಂದು ಕೆಟ್ಟ ಪೆಟ್ಟು ಬಿದ್ದರೆ ಕೈಕಾಲು ಎರಡೂ ಹೋಗುತ್ತವೆ ಎಂದು ಡಾಕ್ಟರು ಹೇಳಿದ್ದರು. ಭಾವ ತಮ್ಮನಿಂದಲೂ ನನ್ನಿಂದಲೂ ಮಾತು ತೆಗೆದುಕೊಂಡರು. ಸ್ವಂತ ಹೆಂಡತಿಗೂ ಹೇಳಿರಲಿಲ್ಲ. ಕುಸ್ತಿ ನಡೆಸುವ ಕಂಪನಿಗೆ ಗೊತ್ತಾದರೆ ಅವತ್ತೇ ಹೊರಗೆ ಹಾಕುತ್ತಾರೆ, ಮೀಸೆ ಮೂಡುವ ಮೊದಲಿಂದ ಮಾಡಿಕೊಂಡು ಬಂದ ಕೆಲಸ, ಬೇರೆ ಏನೂ ಬರುವುದಿಲ್ಲ. ಪಲ್ಟಿ ಹೊಡೆಯುವುದನ್ನು ಹೇಗಾದರೂ ತಪ್ಪಿಸಿಕೊಂಡು ಹೋಗುತ್ತೇನೆ, ನೀವು ಬಾಯಿಗೆ ಬೀಗ ಹಾಕಿಕೊಳ್ಳಿ ಎಂದರು.

ಬೀಗ ಹಾಕಿಕೊಂಡೆವು. ಆದರೆ ನಮ್ಮವರಿಗೆ ನಿದ್ದೆ ಹೋಯಿತು, ಅನ್ನ ಸೇರದಾಯಿತು. ಅಣ್ಣನ ವಿಷಯ ಹೇಳುವಂತಿಲ್ಲ, ಸುಮ್ಮನಿರುವಂತೆಯೂ ಇಲ್ಲ. ಅದಕ್ಕೇ ಅವರು ಹುಟ್ಟಿದಾಗಿನಿಂದ ಮಾಡದ ಕೆಲಸ ಮಾಡಿದರು, ಅಂಗಡಿಯಲ್ಲಿ ವಾದಕ್ಕೆ ನಿಂತರು. ಅಣ್ಣನ ಹೆಸರು ಎತ್ತದೆ, ಬಂಡೆಪಾತ ಯಾರೇ ಮಾಡಲಿ, ಅದನ್ನು ನಿಲ್ಲಿಸಬೇಕು ಎಂದರು.

ಅವರ ಜೊತೆಗೆ ನಿಂತವರು ಲೆಕ್ಕದ ಮೇಷ್ಟ್ರು. ರಿಂಗಿನ ಪಕ್ಕ ಒಬ್ಬ ಡಾಕ್ಟರು ಯಾಕಿಲ್ಲ, ಪೆಟ್ಟಾದವರಿಗೆ ರಜೆ ಯಾಕಿಲ್ಲ, ಬೀಳುವವರಿಗೆ ಒಂದು ಸಂಘ ಯಾಕಿಲ್ಲ ಎಂದು ಮೇಷ್ಟ್ರು ಮುಖದ ತುಂಬ ನೊರೆ ಮೆತ್ತಿಕೊಂಡೇ ಭಾಷಣ ಬಿಗಿಯುತ್ತಿದ್ದರು. ಎದುರು ನಿಂತವನು ಬಸ್ ಡ್ರೈವರ್. ಯಾರೂ ಅವರನ್ನು ಕತ್ತು ಹಿಡಿದು ಏಣಿ ಹತ್ತಿಸಿಲ್ಲ, ಗೊತ್ತಿದ್ದೇ ಸಹಿ ಹಾಕಿದ್ದಾರೆ ಎನ್ನುವುದು ಅವನ ವಾದ. ಸಹಿ ಹಾಕಿದ್ದೀಯ ಅಂತ ಬ್ರೇಕಿಲ್ಲದ ಬಸ್ಸು ಓಡಿಸ್ತೀಯೇನಯ್ಯ ಎಂದು ಮೇಷ್ಟ್ರು ಕೇಳಿದರೆ, ನನ್ನ ಬಸ್ಸು ನೋಡೋಕೆ ಯಾರೂ ಟಿಕೆಟ್ ತಗೊಳ್ಳಲ್ಲ ಸಾರ್ ಎಂದು ಡ್ರೈವರ್ ನಕ್ಕ. ಪರದೆ ಸರಿಸಿ ಕನ್ನಡಿಯಲ್ಲಿ ನಮ್ಮವರ ಮುಖ ನೋಡಿದೆ. ಮಸೆದ ಕತ್ತಿಯನ್ನೇ ಮತ್ತೆ ಮಸೆಯುತ್ತಿದ್ದರು.

ಮಾತು ಅಂಗಡಿಯಿಂದ ಬೀದಿಗೆ, ಬೀದಿಯಿಂದ ಫೋನಿಗೆ ಹೋಯಿತು. ಊರಿನ ಅರ್ಧ ಜನ ಬಂಡೆಪಾತ ಬೇಡ ಎಂದರು, ಇನ್ನರ್ಧ ಬೇಕೇ ಬೇಕು ಎಂದರು. ನಮ್ಮವರು ಅಂಗಡಿಯ ಗಾಜಿನ ಮೇಲೆ 'ಬೇಡ' ಎಂದು ದೊಡ್ಡದಾಗಿ ಬರೆದರು. ಗಂಡ ಗೆಲ್ಲುತ್ತಿದ್ದಾರೆಂದು ನಾನೂ ಹಿಗ್ಗಿದೆ. ಸುಡುಗಾಡು, ಆ ಕಂಪನಿಗೆ ಬೇಕಾದದ್ದೇ ಅದು. ಜನ ಎರಡು ಪಾಲಾದರೆ ಎರಡೂ ಪಾಲಿನವರು ಟಿಕೆಟ್ ಕೊಳ್ಳುತ್ತಾರೆ ಎಂದು ಅವರಿಗೆ ಗೊತ್ತಿತ್ತು. ಒಂದು ಬೆಳಿಗ್ಗೆ ಬಾಗಿಲು ತೆರೆದರೆ ಎದುರುಗೋಡೆಯ ಮೇಲೆ ಭಾವನ ಆಳೆತ್ತರದ ಚಿತ್ರ, ಪಕ್ಕದಲ್ಲಿ ಕೆಂಪಕ್ಷರ: 'ಜನ ಬೇಡ ಎಂದ ಬಂಡೆಪಾತ! ಈ ಭಾನುವಾರ!' ನಮ್ಮವರು ಪೊರಕೆ ಹಿಡಿದುಕೊಂಡು ಅಲ್ಲೇ ಮೆಟ್ಟಿಲ ಮೇಲೆ ಕುಸಿದರು. ತಪ್ಪಿಸಿಕೊಂಡು ಓಡಾಡುತ್ತಿದ್ದ ಅಣ್ಣನನ್ನು ಅವರೇ ಕೈಹಿಡಿದು ಏಣಿಯ ಬುಡಕ್ಕೆ ತಂದು ನಿಲ್ಲಿಸಿದಂತಾಗಿತ್ತು.

ಆ ಭಾನುವಾರ ನಾನೂ ಹೋಗಿದ್ದೆ. ಮುಂದಿನ ಸಾಲಿನಲ್ಲಿ ನಾವಿಬ್ಬರು, ಹಿಂದೆ ಮೇಷ್ಟ್ರು, ಡ್ರೈವರ್, ಅಂಗಡಿಯ ಇಡೀ ದಂಡು. ಭಾವ ಏಣಿಯ ತುದಿಗೆ ಹತ್ತಿದರು. ನಮ್ಮವರು ಎದ್ದು ನಿಂತರು. ಅಷ್ಟು ದೊಡ್ಡ ದನಿ ಆ ಮೈಯೊಳಗೆ ಎಲ್ಲಿತ್ತೋ ನನಗೆ ಇವತ್ತಿಗೂ ಗೊತ್ತಿಲ್ಲ.

“ಇಳಿ ಅಣ್ಣಾ! ನಿನ್ನ ಕುತ್ತಿಗೆ ಸರಿಯಿಲ್ಲ! ಇಳಿದುಬಿಡು!”

ಮುಗಿಯಿತು ಎಂದುಕೊಂಡೆ. ಗುಟ್ಟು ಒಡೆಯಿತು, ಭಾವನ ಕೆಲಸ ಹೋಯಿತು, ಹೋದರೆ ಹೋಗಲಿ, ಜೀವ ಉಳಿಯಿತು. ಭಾವ ಗರಬಡಿದವರಂತೆ ಕೆಳಗೆ ನೋಡಿದರು, ಆಮೇಲೆ ಒಂದೊಂದೇ ಮೆಟ್ಟಿಲು ಇಳಿದರು. ನಮ್ಮವರು ಅಳುತ್ತಾ ರಿಂಗಿಗೆ ಹತ್ತಿ ಅಣ್ಣನನ್ನು ತಬ್ಬಿಕೊಂಡರು. ಇಡೀ ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಡ್ರೈವರ್ ಕಣ್ಣೊರೆಸಿಕೊಳ್ಳುತ್ತಾ, ಕತ್ರಿ ಏನ್ ಆಕ್ಟಿಂಗ್ ಮಾಡ್ದ ಅಕ್ಕ, ನಮಗೂ ಒಂದು ಮಾತು ಹೇಳಲಿಲ್ಲವಲ್ಲ ಎಂದ.

ಕಂಪನಿಯಲ್ಲಿ ಕಥೆ ಬರೆಯುವವನೊಬ್ಬನಿದ್ದ, ನುಣ್ಣಗೆ ಮಾತಾಡುವವನು. ಮರುದಿನವೇ ಕಟಿಂಗ್ ನೆಪ ಮಾಡಿಕೊಂಡು ಅಂಗಡಿಗೆ ಬಂದ. ಅಣ್ಣ ತಮ್ಮ ಇಬ್ಬರೂ ಸೇರಿ ತನಗೆ ಹೇಳದೆ ಕಟ್ಟಿದ ಆಟ ಎಂದು ಅವನು ನಂಬಿದ್ದ. ಕುತ್ತಿಗೆ ಎಂದದ್ದು ಬಹಳ ಚೆನ್ನಾಗಿತ್ತು, ಅದನ್ನೇ ಇಟ್ಟುಕೊಳ್ಳಿ, ಪ್ರತಿ ಭಾನುವಾರ ಬಂದು ಕೂಗಿ ಎಂದ. ನಮ್ಮವರು ಅವನ ಕೈ ಹಿಡಿದುಕೊಂಡು, ಇದು ನಾಟಕ ಅಲ್ಲ, ಕುತ್ತಿಗೆ ನಿಜವಾಗಿಯೂ ಕೆಟ್ಟಿದೆ ಎಂದು ಕೈಮುಗಿದರು. ಅವನು ನಕ್ಕ. “ಇಲ್ಲಿ ಯಾರೂ ನೋಡ್ತಿಲ್ಲ, ಸಾಕು ಬಿಡಿ ಸ್ವಾಮಿ” ಎಂದು ಬೆನ್ನು ತಟ್ಟಿ ಹೋದ. ನಿಜ ಹೇಳಿದರೂ ಒಬ್ಬರೂ ನಂಬದ ಜಾಗದಲ್ಲಿ ನಾವು ಸಿಕ್ಕಿಕೊಂಡಿದ್ದೆವು. ಭಾವನಿಗೆ ಮಾತ್ರ ಅದರಿಂದ ನಿರಾಳವಾಗಿತ್ತು. ಅವರು ನಾಟಕ ಅಂದುಕೊಂಡದ್ದೇ ಒಳ್ಳೆಯದಾಯಿತು, ನೀನು ಕೂಗು, ನಾನು ಇಳಿಯುತ್ತೇನೆ, ಹಾರುವುದು ತಪ್ಪುತ್ತದೆ ಎಂದರು.

ಅಲ್ಲಿಂದ ಅದೇ ಅವರ ಬದುಕಾಯಿತು. ಭಾನುವಾರ ಬಂತೆಂದರೆ ಇಸ್ತ್ರಿ ಮಾಡಿದ ಶರ್ಟು ಹಾಕಿಕೊಂಡು ಹೋಗಿ, ನಿಜವನ್ನು ಗಂಟಲು ಬಿರಿಯುವಂತೆ ಕೂಗಿ, ಚಪ್ಪಾಳೆ ಹೊಡೆಸಿಕೊಂಡು ಮನೆಗೆ ಬಂದು ಗೋಡೆಗೆ ಮುಖ ಮಾಡಿ ಮಲಗುವುದು. ಜ್ವರ ಬಂದರೂ ತಪ್ಪಿಸುವಂತಿರಲಿಲ್ಲ. ನನ್ನ ತಂಗಿಯ ಮದುವೆಗೂ ಬರಲಿಲ್ಲ, ತವರಿನವರ ಮುಂದೆ ನಾನು ತಲೆ ತಗ್ಗಿಸಬೇಕಾಯಿತು. ನಾನು ರೇಗಿದರೆ, ಒಂದು ವಾರ ನಾನು ಇಲ್ಲದಿದ್ದರೆ ಅಣ್ಣ ಹಾರಬೇಕಾಗುತ್ತೆ ಕಣೇ ಎಂದಷ್ಟೇ ಹೇಳುತ್ತಿದ್ದರು. ಬಂಡೆಯ ತಮ್ಮ ಎಂದು ಬೀದಿಯಲ್ಲಿ ಜನ ಅವರ ಜೊತೆ ಫೋಟೋ ತೆಗೆಸಿಕೊಳ್ಳುತ್ತಿದ್ದರು. ಅವರು ನಗುತ್ತಿದ್ದರು, ನನಗೆ ಅಳು ಬರುತ್ತಿತ್ತು.

ಜನಕ್ಕೆ ಯಾವುದು ತಾನೇ ಬಹಳ ದಿನ ರುಚಿಸುತ್ತದೆ? ಎಷ್ಟು ಸಲ ಅಂತ ಇಳೀತಾನೆ, ಒಂದು ಸಲ ಹಾರಿಬಿಡಲಿ ಎಂದು ಡ್ರೈವರ್ ಗೊಣಗತೊಡಗಿದ. ಮೇಷ್ಟ್ರು ಕೂಡ, ಕಥೆಗೆ ಒಂದು ಮುಕ್ತಾಯ ಬೇಕಲ್ಲವೇ ಕತ್ರಿ ಎಂದುಬಿಟ್ಟರು. ರಜೆ, ಸಂಘ, ಡಾಕ್ಟರು ಎಂದು ಬಾಯಿ ತುಂಬ ಆಡಿದ ಮನುಷ್ಯ! ಪರದೆಯ ಹಿಂದೆ ನಾನು ಪಾತ್ರೆ ಕುಕ್ಕಿದ ಸದ್ದಿಗೆ ಅವರು ಮಾತು ನಿಲ್ಲಿಸಿದರು.

ಕಥೆ ಬರೆಯುವವನು ಮತ್ತೆ ಬಂದ. ಬರುವ ಭಾನುವಾರ ದೊಡ್ಡ ಆಟ. ಎಂದಿನಂತೆ ನೀವು ಕೂಗಿ, ಈ ಸಲ ಬಂಡೆ ಇಳಿಯುವುದಿಲ್ಲ, ಕೂಗು ಕೇಳಿದ ಕೂಡಲೇ ಹಾರುತ್ತಾನೆ, ನೀವು ಕೂಗುವವರೆಗೆ ಹಾರಕೂಡದು ಎಂದು ಅವನಿಗೂ ಹೇಳಿದ್ದೇನೆ ಎಂದ. ಅವನು ಹೋದಮೇಲೆ ನಮ್ಮವರು ಅಂಗಡಿಗೆ ಬಾಗಿಲು ಹಾಕಿದರು. ನೇರ ಅಣ್ಣನ ಮನೆಗೆ ಓಡಿದರು. ಆದರೆ ಆ ಕಸುಬಿನವರದು ಒಂದು ಕಟ್ಟುನಿಟ್ಟಿದೆ. ಆಟದಲ್ಲಿ ಮುಂದೆ ಏನಾಗುತ್ತದೆಂದು ಹೆಂಡತಿಯ ಮುಂದೆ, ಹೆತ್ತ ತಾಯಿಯ ಮುಂದೆ ಕೂಡ ಬಾಯಿಬಿಡುವುದಿಲ್ಲ. ಕುತ್ತಿಗೆ ಕೆಟ್ಟದ್ದನ್ನು ತಮ್ಮನಿಗೆ ಹೇಳಿದ ಭಾವ ಆಟದ ಮಾತನ್ನು ಮಾತ್ರ ಆಡಲಿಲ್ಲ. ರಿಂಗಿನ ಮಾತು ರಿಂಗಿನಲ್ಲೇ ಇರಲಿ, ನೀನು ಬಾ, ಅಷ್ಟು ಸಾಕು ಎಂದು ಕಳಿಸಿಬಿಟ್ಟರಂತೆ.

ನಮ್ಮವರು ಬಂದು ಅಡುಗೆಮನೆಯ ನೆಲದ ಮೇಲೆ ಕೂತರು. ಬಹಳ ಹೊತ್ತಿನ ಮೇಲೆ ಅವರ ಮುಖ ತಿಳಿಯಾಯಿತು.

“ನಾನು ಕೂಗೋದೇ ಇಲ್ಲ. ಕೂಗಿದ್ರೆ ತಾನೇ ಹಾರೋದು?”

ನನಗೂ ಸರಿ ಎನಿಸಿತು. ಅಷ್ಟು ದಿನಗಳಲ್ಲಿ ಮೊದಲ ಸಲ ಅವರು ಎರಡನೇ ಸಲ ಅನ್ನ ಬಡಿಸಿಕೊಂಡರು.

ಭಾನುವಾರ ಸಂಜೆ ಕಾಲಿಡಲು ಜಾಗವಿರಲಿಲ್ಲ. ಭಾವ ಏಣಿ ಹತ್ತಿ ನಿಂತರು, ಕೆಳಗೆ ಎದುರಾಳಿ ಅಂಗಾತ ಮಲಗಿದ್ದ. ಎಲ್ಲರ ಕಣ್ಣು ನಮ್ಮವರ ಮೇಲೆ. ನಮ್ಮವರು ಎರಡೂ ಕೈ ತೊಡೆಯ ಮೇಲಿಟ್ಟುಕೊಂಡು ತುಟಿ ಕಚ್ಚಿಕೊಂಡು ಕೂತರು. ಗದ್ದಲ ಇಳಿಯಿತು. ಭಾವ ಕುತ್ತಿಗೆ ತಿರುಗಿಸಲಾರದೆ ಇಡೀ ಮೈಯನ್ನೇ ನಮ್ಮ ಕಡೆ ತಿರುಗಿಸಿದರು. ಕಾಯುತ್ತಿದ್ದರು. ಅವರು ಅಷ್ಟು ಹೊತ್ತು ಯಾಕೆ ಹಾಗೆ ನೋಡಿದರು ಎನ್ನುವುದು ನನಗೆ ಆಗ ಹೊಳೆಯಲಿಲ್ಲ. ಇಳಿಯಿರಿ ಭಾವ, ಇಳಿದುಬಿಡಿ ಎಂದು ನಾನು ಮನಸ್ಸಿನಲ್ಲೇ ಅಂದುಕೊಳ್ಳುತ್ತಿದ್ದೆ. ಹಿಂದಿನಿಂದ ಯಾರೋ ಸಿಳ್ಳೆ ಹಾಕಿದರು. ಹೆದರಿದ, ಹೆದರಿದ ಎಂದು ಒಂದು ಮೂಲೆಯಿಂದ ಶುರುವಾದದ್ದು ಇಡೀ ಸಭಾಂಗಣವೇ ಕೂಗುವಂತಾಯಿತು. ಭಾವ ಒಮ್ಮೆ ಉಸಿರೆಳೆದುಕೊಂಡರು. ಹಾರಿದರು.

ಬಿದ್ದ ಸದ್ದು ಬೇರೆಯೇ ಇತ್ತು. ರೆಫರಿ ಬಗ್ಗಿ ಅವರ ಕೈ ಅದುಮಿ ನೋಡಿದ, ಆಮೇಲೆ ತಲೆಯ ಮೇಲೆ ಎರಡು ಕೈಗಳನ್ನು ಅಡ್ಡಡ್ಡ ಇಟ್ಟ. ಪೆಟ್ಟು ನಿಜ, ಆಟ ನಿಲ್ಲಿಸಿ ಎಂದು ಅದರ ಅರ್ಥ. ಜನ ಆಗಲೂ ಚಪ್ಪಾಳೆ ತಟ್ಟುತ್ತಿದ್ದರು. ನಮ್ಮವರು ಹಗ್ಗ ಹಾರಿ ಓಡಿದರು. ಆಗ ಕೂಗಿದರು, ಅಣ್ಣಾ ಎಂದು, ಎಷ್ಟೋ ಸಲ. ಯಾವ ಪ್ರಯೋಜನಕ್ಕೆ?

ಈಗ ಭಾವ ಅವರ ಮನೆಯ ನಡುಕೋಣೆಯಲ್ಲಿ ಮಲಗಿದ್ದಾರೆ. ಮಾತಾಡುತ್ತಾರೆ, ಬಲಗೈಯ ಬೆರಳುಗಳು ಸ್ವಲ್ಪ ಅಲುಗುತ್ತವೆ, ಮತ್ತೇನೂ ಇಲ್ಲ. ಅವರ ಹೆಂಡತಿ, ನಾನು ಅಕ್ಕ ಎನ್ನುವವಳು, ನಮ್ಮ ಜೊತೆ ಮಾತು ಬಿಟ್ಟಿದ್ದಾಳೆ. ಗೊತ್ತಿದ್ದೂ ನೀವಿಬ್ಬರೂ ನನಗೊಂದು ಮಾತು ಹೇಳಲಿಲ್ಲವಲ್ಲ ಎಂದಳು. ಅಂಗಡಿಯಲ್ಲಿ ಮೇಷ್ಟ್ರು ಮತ್ತೆ ಸಂಘದ ಮಾತೆತ್ತಿದ್ದಾರೆ, ಡ್ರೈವರ್ ಈಗ ಎದುರು ಆಡುವುದಿಲ್ಲ. ನಮ್ಮವರು ಅವರ ಕೂದಲು ಕತ್ತರಿಸಿ ಕಳಿಸುತ್ತಾರೆ. ದಿನ ಬಿಟ್ಟು ದಿನ ಸೋಪು, ಕತ್ತಿ ಹಿಡಿದುಕೊಂಡು ಅಣ್ಣನ ಗಡ್ಡ ಬೋಳಿಸಲು ಹೋಗುತ್ತಾರೆ. ಬಿಸಿನೀರು ಹಿಡಿದುಕೊಂಡು ನಾನೂ ಹೋಗುತ್ತೇನೆ.

ಮೊನ್ನೆ ಅರ್ಧ ಕೆನ್ನೆ ಮುಗಿದಿತ್ತು. ಭಾವ ಸೂರು ನೋಡುತ್ತಾ ಕೇಳಿದರು.

“ಯಾಕೋ ಕೂಗ್ಲಿಲ್ಲ ಅವತ್ತು?”

ನಮ್ಮವರ ಕೈ ನಿಂತಿತು.

“ನಾನು ಇಳಿಯೋದು ಅಂತ ಗಟ್ಟಿ ಮಾಡ್ಕೊಂಡೇ ಹತ್ತಿದ್ದೆ ಕಣೋ. ಅವರು ಏನಾದ್ರೂ ಬರ್ಕೊಂಡಿರ್ಲಿ. ನೀನು ಇಳಿ ಅಂದ್ರೆ ಇಳಿದು, ಅಲ್ಲಿಗೆ ಕೈಮುಗಿದು ಬಿಟ್ಬಿಡೋಣ ಅಂತ. ತಮ್ಮನ ಮಾತಿಗೆ ಇಳಿದ್ರೆ ಯಾರೂ ಹೇಡಿ ಅನ್ನಲ್ಲ. ನೀನು ಕೂಗ್ತೀಯ, ಕೂಗ್ತೀಯ ಅಂತ ನಿಂತೇ ಇದ್ದೆ.”

ನಾನು ಬಿಸಿನೀರಿನ ಪಾತ್ರೆಯನ್ನು ನೆಲಕ್ಕಿಟ್ಟೆ.

“ನೀನು ಹಾರಬಾರದು ಅಂತಾನೇ ಕೂಗ್ಲಿಲ್ಲ ಅಣ್ಣ” ಎಂದರು ನಮ್ಮವರು.

ಭಾವನಿಗೆ ಮುಖ ತಿರುಗಿಸಿಕೊಳ್ಳಲು ಆಗುವುದಿಲ್ಲ. ಕಣ್ಣು ಮುಚ್ಚಿಕೊಂಡರು. ಇನ್ನೊಂದು ಕೆನ್ನೆಯ ಮೇಲೆ ನೊರೆ ಒಣಗುತ್ತಿತ್ತು. ನಮ್ಮವರು ಅದನ್ನು ಒದ್ದೆ ಬಟ್ಟೆಯಿಂದ ಒರೆಸಿ, ಹೊಸದಾಗಿ ಸೋಪು ಹಚ್ಚಿ, ಉಳಿದ ಗಡ್ಡ ಬೋಳಿಸಿದರು.