ಹಾಲಪ್ಪನ ಬಲಗೈ

ಸುಮಿತ್ರವ್ವ ಹಾಲಪ್ಪನನ್ನು ಮೊದಲು ಕಂಡದ್ದು ಫ್ರಿಸ್ಕೋದ ಒಂದು ಕಿರಾಣಿ ಅಂಗಡಿಯ ಮುಂದೆ, ಏಪ್ರಿಲ್ ತಿಂಗಳ ಒಂದು ಶುಕ್ರವಾರ, ಬೆಳಗಿನ ಏಳಕ್ಕೆ. ಇಬ್ಬರೂ ಹೋಗಬೇಕಿದ್ದ ಕನ್ನಡ ಸಂಘದ ವ್ಯಾನು ಅಲ್ಲಿಂದ ಹೊರಡುವುದಿತ್ತು. ಸಂಘದ ಕಾರ್ಯದರ್ಶಿ ವಿಜಯಾ ವ್ಯಾನನ್ನು ಹಿಂದಕ್ಕೆ ತೆಗೆಯುತ್ತಿದ್ದಳು. ಎಲ್ಲಿಂದಲೋ ಬಂದ ತೆಳ್ಳನೆಯ ಮುದುಕನೊಬ್ಬ ವ್ಯಾನಿನ ಹಿಂದೆ ನಿಂತು, "ಬರ್ಲಿ, ಬರ್ಲಿ, ಬರ್ಲಿ... ಹೋಲ್ಡಾನ್!" ಎಂದು ಕೂಗಿ ಅದರ ಮೈಗೆ ಫಟ್ಟನೆ ಒಂದು ಏಟು ಕೊಟ್ಟ. ವಿಜಯಾ ಹೌಹಾರಿ ಕೆಳಗಿಳಿದಳು.

"ಅಯ್ಯೋ ಅಂಕಲ್, ಯಾರಿಗಾದ್ರೂ ಗುದ್ದಿಬಿಟ್ನಾ?"

"ಇಲ್ಲವ್ವಾ, ಚಲೋ ತಗೊಂಡಿ. ನಿಲ್ಸಂತ ಹೇಳಿದೆ ಅಷ್ಟ."

ಆ ಮಾತು ಕೇಳಿದ್ದೇ, ಇದು ನಮ್ಮ ಕಡೆಯ ಜೀವ ಎಂದು ಸುಮಿತ್ರವ್ವನಿಗೆ ತಿಳಿಯಿತು.

ಅವರು ಹೊರಟಿದ್ದ ಊರು ಡ್ರೈ ಫೋರ್ಕ್, ಪಶ್ಚಿಮದ ಬಯಲಿನಲ್ಲಿ, ಏಳು ತಾಸಿನ ಹಾದಿ. ಇರುವುದೇ ಆರುನೂರು ಜನ. ವರ್ಷಕ್ಕೊಮ್ಮೆ, ಕುದುರೆ ಹಬ್ಬದ ಶನಿವಾರ ಭಾನುವಾರ ಹತ್ತು ಸಾವಿರ ಜನ ಸೇರುತ್ತಾರೆ. ಹಿಂದೊಮ್ಮೆ ಸಂಘದವರ ಬಸ್ಸು ಅಲ್ಲಿ ಕೆಟ್ಟು ನಿಂತಾಗ ಊರಿನವರು ಕರೆದು ಊಟ ಹಾಕಿದ್ದರು. ಅಂದಿನಿಂದ ಸಂಘದ ಹತ್ತು ಜನ ಹೋಗಿ ಹಬ್ಬಕ್ಕೆ ಕೈಜೋಡಿಸುವುದು ರೂಢಿಯಾಗಿದೆ.

ಹಾದಿಯುದ್ದಕ್ಕೂ ಹಾಲಪ್ಪ ಒಂದು ಗಳಿಗೆ ಸುಮ್ಮನೆ ಕೂಡಲಿಲ್ಲ. ಗದಗ ಡಿಪೋದಲ್ಲಿ ಮೂವತ್ತೊಂದು ವರ್ಷ ಕಂಡಕ್ಟರ್ ಆಗಿದ್ದವನು. ಹೆಂಡತಿ ತೀರಿದ ಮೇಲೆ, ಯೂಲೆಸ್‌ನಲ್ಲಿ ಡಾಕ್ಟರಾಗಿರುವ ಮಗಳು ಅನುರಾಧಾ ಈ ದೇಶಕ್ಕೆ ಕರೆತಂದಿದ್ದಳು. ಬಂದು ನಾಲ್ಕು ವರ್ಷ. ಅಂಗಡಿಗೆ ಹೋದರೆ ಅಡ್ಡಾದಿಡ್ಡಿ ಬಿದ್ದ ತಳ್ಳುಗಾಡಿಗಳನ್ನು ಸಾಲಾಗಿ ನಿಲ್ಲಿಸುತ್ತಿದ್ದ. ಅಂಗಡಿಯವರು ಎರಡು ಸಲ ಬೇಡವೆಂದರು.

"ಆರಾಮ ಕೂಡ್ರಿ, ಆರಾಮ ಕೂಡ್ರಿ ಅಂತಾರ ಎಲ್ಲಾರೂ. ಇದನ್ನ ಕೇಳಿ ಕೇಳಿ ತಲಿ ಕೆಟ್ಟೇತ್ರಿ ಅಕ್ಕಾರ. ಈಗ ನೋಡ್ರಿ, ಹಬ್ಬದಾಗ ಗಾಡಿ ನಿಲ್ಲಿಸೋ ಕೆಲಸ ಕೊಟ್ಟಾರ. ಡ್ಯೂಟಿ!"

ಶನಿವಾರ ಹಬ್ಬದವರು ಕೊಟ್ಟ ಹಳದಿ ಮೇಲಂಗಿ ತೊಟ್ಟು, ಸೀಟಿ ಕಚ್ಚಿಕೊಂಡು ಹಾಲಪ್ಪ ಬಯಲಿಗಿಳಿದ. ಮಧ್ಯಾಹ್ನದವರೆಗೆ ಗಾಡಿಗಳು ದಾರ ಹಿಡಿದು ಎಳೆದಂತೆ ಸಾಲುಗಟ್ಟಿದವು. ಅಲ್ಲಿನ ಉಸ್ತುವಾರಿಯ ಲೋರೀನ್ ಎಂಬ ಎತ್ತರದ ಹೆಂಗಸು ನೋಡಿ ತಲೆದೂಗಿದಳು. ಆಮೇಲೆ ಹೊಚ್ಚಹೊಸ ಕರಿಯ ಪಿಕಪ್ ಒಂದು ಬಂತು. ಹಾಲಪ್ಪ "ಹೋಲ್ಡಾನ್" ಎಂದವನೇ ಅದರ ಮೈಗೂ ಫಟ್ಟನೆ ಬಿಟ್ಟ. ಒಡೆಯ ಕೆಳಗಿಳಿದು ಬಣ್ಣದ ಮೇಲೆ ಅಂಗೈ ಆಡಿಸಿ ನೋಡಿದ. ಆಮೇಲೆ ಕೂಗಾಡಿದ್ದು ಸುಮಿತ್ರವ್ವ ನೀರು ಹಂಚುತ್ತಿದ್ದ ಟೆಂಟಿನವರೆಗೂ ಕೇಳಿತು. ಲೋರೀನ್ ಸೀಟಿ, ಅಂಗಿ ಎರಡನ್ನೂ ಇಸಿದುಕೊಂಡಳು.

"ಇಲ್ಲಿ ಬೇರೆಯವ್ರ ಗಾಡಿ ಮುಟ್ಟಬಾರದು ಅಂಕಲ್," ಎಂದಳು ವಿಜಯಾ. "ಬೇಜಾರ್ ಮಾಡ್ಕೋಬೇಡಿ. ಆಂಟಿ ಜೊತೆ ನೆರಳಲ್ಲಿ ಆರಾಮಾಗಿ ಕೂತ್ಕೊಳ್ಳಿ."

ಹಾಲಪ್ಪನ ಮುಖ ಸಣ್ಣಗಾಯಿತು. ಟೆಂಟಿನಲ್ಲಿ ಕೂತ, ಎದ್ದ. ಐಸಿನ ಡಬ್ಬ ಅಲ್ಲಿಂದ ಇಲ್ಲಿಗೆ ಇಟ್ಟ, ಇಲ್ಲಿಂದ ಅಲ್ಲಿಗೆ ಇಟ್ಟ. ಜನ ನೀರು ಕುಡಿದು ಮುಗಿಸುವ ಮೊದಲೇ ಲೋಟಕ್ಕೆ ಕೈಚಾಚಿದ.

"ಬಿಡ್ರಿ, ಪಾಪ ಅವ್ರು ಕುಡೀಲಿ," ಎಂದಳು ಸುಮಿತ್ರವ್ವ.

"ನಾ ಹೊಡದದ್ದಲ್ರಿ ಅಕ್ಕಾರ. ಕೈ ಹೊಡೀತು. ನನ್ನ ಮಾತ ಕೇಳಂಗಿಲ್ಲ ಅದು."

"ಮೂವತ್ತೊಂದು ವರ್ಷ ಸರ್ಕಾರಿ ಬಸ್ ಬಡದೀರಿ. ಅದು ಒಂದಿನಾನೂ ತಿರುಗಿ ಬೈಲಿಲ್ಲ. ಅದಕ್ಕ ಕೈಯ ರೂಢಿ ಕೆಟ್ಟೇತಿ."

ಹಾಲಪ್ಪ ಮತ್ತೆ ಐಸಿನ ಡಬ್ಬಕ್ಕೆ ಕೈಹಾಕಿದ.

ಭಾನುವಾರ ಬೆಳಿಗ್ಗೆ ಅವನು ವಿಜಯಾಳನ್ನು ಮುಂದಿಟ್ಟುಕೊಂಡು ಲೋರೀನಳ ಬಳಿಗೆ ಹೋದ. ಇನ್ನೊಮ್ಮೆ ಗಾಡಿ ಮುಟ್ಟಿದರೆ ಈ ಹಬ್ಬಕ್ಕೆ ಮತ್ತೆಂದೂ ಬರುವ ಹಾಗಿಲ್ಲ ಎಂದು ಹೇಳಿ ಲೋರೀನ್ ಅಂಗಿ, ಸೀಟಿ ವಾಪಸು ಕೊಟ್ಟಳು. ಹಾಲಪ್ಪ ಅಲ್ಲಿಂದ ನೆಟ್ಟಗೆ ಟೆಂಟಿಗೆ ಬಂದು, ಹೆಗಲ ಮೇಲಿನ ಟವೆಲ್ಲು ಚಾಚಿ, ಬಲಗೈ ಬೆನ್ನ ಹಿಂದಕ್ಕೆ ಮಾಡಿ ನಿಂತ.

"ಕಟ್ರಿ."

"ಹುಚ್ಚ ಹಿಡದೈತೇನ್ರಿ ನಿಮಗ?"

"ನನಗಲ್ರಿ, ಕೈಗೆ. ಬಿಗಿಯಾಗಿ ಕಟ್ರಿ."

ಸುಮಿತ್ರವ್ವ ಮಣಿಕಟ್ಟಿಗೆ ಎರಡು ಸುತ್ತು ಸುತ್ತಿ, ರಕ್ತ ಓಡಾಡಲೆಂದು ಒಂದು ಬೆರಳಿನಷ್ಟು ಸಡಿಲ ಬಿಟ್ಟು, ಪ್ಯಾಂಟಿನ ಬೆಲ್ಟಿಗೆ ಎರಡು ಗಂಟು ಹಾಕಿದಳು.

ಮಧ್ಯಾಹ್ನ ಮೂರಕ್ಕೆ ಹಬ್ಬ ಮುಗಿದು ಎಲ್ಲರೂ ಒಮ್ಮೆಲೇ ಹೊರಟರು. ಇದ್ದದ್ದು ಒಂದೇ ಗೇಟು. ಧೂಳಿನಲ್ಲಿ ಹಳದಿ ಅಂಗಿ ಕಂಡರೆ ಕಂಡಿತು, ಇಲ್ಲದಿದ್ದರೆ ಇಲ್ಲ. ಸುಮಿತ್ರವ್ವ ನೀರು ಬಗ್ಗಿಸುವುದನ್ನು ಬಿಟ್ಟು ಹೊರಗೆ ಬಂದು ನಿಂತಳು. ಕುದುರೆ ಸಾಗಿಸುವ ಉದ್ದದ ಗಾಡಿಯೊಂದು ಚರಂಡಿಯ ಕಡೆಗೆ ಹಿಂದೆ ಹಿಂದೆ ಸರಿಯುತ್ತಿತ್ತು. ಹಾಲಪ್ಪ ಸೀಟಿ ಊದಿದ. ಗಾಡಿ ನಿಲ್ಲಲಿಲ್ಲ. ಅವನ ಬಲಗೈ ಜಗ್ಗಿತು, ಮತ್ತೆ ಜಗ್ಗಿತು; ಬೆಲ್ಟೇ ಪಕ್ಕಕ್ಕೆ ತಿರುಗಿತು, ಗಂಟು ಬಿಚ್ಚಲಿಲ್ಲ. ಕೈ ಹೊಡೆದರೆ ಡ್ಯೂಟಿ ಹೋಯಿತು, ಹೊಡೆಯದಿದ್ದರೆ ಕುದುರೆ ಹೋಯಿತು ಎಂದುಕೊಂಡಳು ಸುಮಿತ್ರವ್ವ. ಹಾಲಪ್ಪ ಒಂದೇ ಉಸಿರಿಗೆ ಓಡಿ ಮುಂದೆ ಹೋಗಿ ಡ್ರೈವರಿನ ಕಣ್ಣೆದುರಿಗೆ ಎಡಗೈ ಎತ್ತಿದ. ಗಾಡಿ ನಿಂತಿತು. ಹಿಂದಿನ ಗಾಲಿಗೂ ಚರಂಡಿಗೂ ಒಂದು ಗೇಣು ಉಳಿದಿತ್ತು.

ಐದರ ಹೊತ್ತಿಗೆ ಬಯಲು ಬರಿದಾಯಿತು. ಬೆವರಿಗೆ ಗಂಟು ಕಚ್ಚಿಕೊಂಡಿತ್ತು. ಸುಮಿತ್ರವ್ವ ಉಗುರು ಹಾಕಿ ಬಿಡಿಸುತ್ತಿದ್ದಾಗ ಲೋರೀನ್ ಬಂದು ಏನೋ ಹೇಳಿದಳು.

"ಮುಂದಿನ ವರ್ಷ ಗೇಟ್ ನೀವೇ ನೋಡ್ಕೊಳ್ತೀರಾ ಅಂತ ಕೇಳ್ತಿದಾರೆ ಅಂಕಲ್," ಎಂದಳು ವಿಜಯಾ.

ಹಾಲಪ್ಪ ಒಂದು ಕಾಲಿಂದ ಇನ್ನೊಂದು ಕಾಲಿಗೆ ಭಾರ ಬದಲಿಸುತ್ತ, ಕುತ್ತಿಗೆ ಹಿಂದಕ್ಕೆ ಹೊರಳಿಸಿ ಸುಮಿತ್ರವ್ವನನ್ನು ಕೇಳಿದ:

"ಅಕ್ಕಾರ, ನೀವು ಬರ್ತೀರೇನ್ರಿ?"